ಪ್ರೇರಣ ಮೋಟಾರು

ಸಿಂಗಸಂದ್ರದ ಕಾರ್ಖಾನೆಗಳಲ್ಲಿ ಯಂತ್ರವನ್ನೂ ಹಳ್ಳಿಯ ಬಾವಿಯಲ್ಲಿ ಪಂಪನ್ನೂ ತಿರುಗಿಸುವುದು ಪ್ರೇರಣ ಮೋಟಾರು. 1946ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯು ಇಂಥ ಮೋಟಾರುಗಳನ್ನು ತಯಾರಿಸುತ್ತ ಬಂದಿದೆ.

ಮೋಟಾರಿನ ಹೊರಭಾಗವಾದ ಸ್ಟೇಟರು ನಿಶ್ಚಲವಾದುದು. ಇಡಿಯ ಕಬ್ಬಿಣವಾದರೆ ಸುಳಿಪ್ರವಾಹದಿಂದ ಅದು ಬಹಳ ಕಾಯುತ್ತದೆ. ಆದುದರಿಂದ ನಿರೋಧಕ ಲೇಪವುಳ್ಳ ಉಕ್ಕಿನ ತೆಳುತಗಡುಗಳನ್ನು ಒತ್ತಾಗಿ ಜೋಡಿಸಿ, ಅವುಗಳ ಕಚ್ಚುಗಳಲ್ಲಿ ತಾಮ್ರದ ತಂತಿಯ ಸುರುಳಿಗಳನ್ನು ಕೂರಿಸುತ್ತಾರೆ.

ಒಳಗಿನ ರೋಟರಿಗೆ ಹೊರಗಿನ ತಂತಿಯ ಸಂಪರ್ಕವಿಲ್ಲ. ಅದರ ಅಲ್ಯೂಮಿನಿಯಮ್ ಸರಳುಗಳು ಎರಡು ತುದಿಗಳಲ್ಲಿಯೂ ಬಳೆಗಳಿಂದ ಬಂಧಿತವಾಗಿ ಪಂಜರದಂತಿರುತ್ತವೆ. ಸುರುಳಿಗಳಲ್ಲಿ ಮೂರು ಫೇಸಿನ ಪರ್ಯಾಯ ವಿದ್ಯುತ್ತು ಹರಿದಾಗ ಸುತ್ತುವ ಕಾಂತಕ್ಷೇತ್ರವುಂಟಾಗುತ್ತದೆ. ಅದು ಸರಳುಗಳಲ್ಲಿ ವಿದ್ಯುತ್ತನ್ನು ಪ್ರೇರಿಸಿ ರೋಟರನ್ನು ತನ್ನೊಡನೆ ಸೆಳೆಯುತ್ತದೆ.

ಸುರುಳಿಯನ್ನು ಕೂರಿಸುವಾಗ ತಂತಿಯ ಲೇಪವು ಒಂದೆಡೆ ಕೆರೆದರೂ ಮೋಟಾರು ಸುಟ್ಟುಹೋದೀತು. ಪಂಪು ನಿಂತು ಪೈರು ಒಣಗೀತು. ಸುತ್ತುವವನ ಕೈಯ ಎಚ್ಚರವೂ ಮೋಟಾರಿನ ಒಂದು ಅಂಗವೇ ಸರಿ.