ಹೂದಾನಿಯ ‘ದಾನಿ’ ಯಾರು?

ಕನ್ನಡ ಕಿರುಪರೀಕ್ಷೆಯಲ್ಲಿ ‘ಹೂದಾನಿ’ ಪದವನ್ನು ಬಿಡಿಸಿ ಅರ್ಥ ಬರೆಯಿರಿ ಎಂಬ ಪ್ರಶ್ನೆಯಿತ್ತು. ‘ಹೂವನ್ನು ದಾನ ಮಾಡುವವನು’ ಎಂದು ಬರೆದೆ. ಅಂಕ ಹೋಯಿತು, ತರಗತಿಯೆಲ್ಲ ನಕ್ಕಿತು. ಮನೆಮಾತು ಉರ್ದು, ಕನ್ನಡ ನನಗೆ ಪೂರ್ತಿ ಒಲಿಯುವುದಿಲ್ಲ ಅಂದುಕೊಂಡೆ.

ಆ ಸಂಜೆ ಅಮ್ಮಿ ಅಡುಗೆಮನೆಯಿಂದ ಕೂಗಿದರು: “ಗುಲ್‌ದಾನ್ ಕಾ ಪಾನಿ ಬದಲ್ ಬೇಟಾ.” ಆಗ ಹೊಳೆಯಿತು. ಗುಲ್ ಅಂದರೆ ಹೂ. ಗುಲ್‌ದಾನ್ ಅಂದರೆ ಹೂದಾನಿಯೇ!

‘ದಾನ್’ ಅಥವಾ ‘ದಾನಿ’ ಫಾರ್ಸಿಯ ಪ್ರತ್ಯಯ. ಅದಕ್ಕೆ ‘ಇಡುವ ಪಾತ್ರೆ, ಇಡುವ ಜಾಗ’ ಎಂಬ ಅರ್ಥ. ಎಲೆಅಡಿಕೆಗೆ ಪಾನ್‌ದಾನ್, ಸುರ್ಮಾಕ್ಕೆ ಸುರ್ಮೇದಾನಿ, ಉಗುಳಲು ಪೀಕದಾನಿ. ಸೊಳ್ಳೆಪರದೆಗೆ ನಾವು ಮಚ್ಚರ್‌ದಾನಿ ಅನ್ನುತ್ತೇವೆ. ಅದರೊಳಗೆ ಇರುವುದು ಮಾತ್ರ ಸೊಳ್ಳೆಯಲ್ಲ, ನಾವು!

ಬಹಮನಿ, ಆದಿಲಶಾಹಿ ಆಡಳಿತದ ಕಾಲದಿಂದ ಫಾರ್ಸಿ ಪದಗಳು ಕನ್ನಡಕ್ಕೆ ಬಂದಿವೆ. ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಬಳಸುವ ಜಮಾ, ಖರ್ಚು, ಬಾಕಿ ಬಂದದ್ದೂ ಫಾರ್ಸಿಯ ಮೂಲಕವೇ.

ಹಾಗಾದರೆ ದಾನ ಕೊಡುವ ದಾನಿ? ಅದು ಬೇರೆ ಪದ. ಸಂಸ್ಕೃತದ ‘ದಾ’, ಅಂದರೆ ‘ಕೊಡು’ ಎಂಬ ಧಾತುವಿನಿಂದ ಬಂದದ್ದು. ಫಾರ್ಸಿಯ ‘ದಾನ್’ಗೆ ನಂಟಿರುವುದು ಸಂಸ್ಕೃತದ ‘ಧಾ’, ಅಂದರೆ ‘ಇಡು’ ಎಂಬ ಧಾತುವಿನ ಜೊತೆ. ಈ ಎರಡು ಭಾಷೆಗಳೂ ಒಂದೇ ಮೂಲದಿಂದ ಕವಲೊಡೆದವು. ಸಂಸ್ಕೃತದಲ್ಲಿ ಮಹಾಪ್ರಾಣ ‘ಧ’ ಉಳಿಯಿತು, ಫಾರ್ಸಿಯಲ್ಲಿ ಅದು ‘ದ’ ಆಯಿತು. ಆ ‘ಧಾನ’ ಇರುವ ಪದ ನಮಗೆಲ್ಲ ಗೊತ್ತು: ರಾಜಧಾನಿ. ರಾಜನ ನೆಲೆ ರಾಜಧಾನಿ, ಹೂವಿನ ನೆಲೆ ಹೂದಾನಿ. ವಿಜಯನಗರದ ರಾಜಧಾನಿ ಹಂಪಿಯ ಪಕ್ಕದಲ್ಲೇ ಇರುವ ಹೊಸಪೇಟೆಯವರಾದ ನಾವು ಇದನ್ನು ಮರೆಯುವಂತಿಲ್ಲ.

ಇಂಥ ಪ್ರತ್ಯಯ ಬೇರೆ ಕಡೆಯೂ ಇದೆ. ಜಾಮೆನ್‌ಹಾಫ್ ಎಂಬ ವೈದ್ಯರು 1887ರಲ್ಲಿ ವಾರ್ಸಾ ನಗರದಲ್ಲಿ ಪ್ರಕಟಿಸಿದ ಎಸ್ಪೆರಾಂಟೊ ಭಾಷೆಯಲ್ಲಿ ‘ಮೊನೊ’ ಅಂದರೆ ಹಣ. ಅದಕ್ಕೆ ‘ಉಯ್’ ಪ್ರತ್ಯಯ ಸೇರಿದರೆ ‘ಮೊನೂಯೊ’, ಅಂದರೆ ಹಣ ಇಡುವ ಪರ್ಸು. ನಮ್ಮ ‘ದಾನಿ’ ಮಾಡುವ ಕೆಲಸವನ್ನೇ ಅಲ್ಲಿ ‘ಉಯ್’ ಮಾಡುತ್ತದೆ.

ಹೋದ ಅಂಕ ಮರಳಿ ಬರಲಿಲ್ಲ. ಆದರೆ ನಾನು ತಪ್ಪಿದ್ದು ಮನೆಮಾತು ಉರ್ದು ಆದದ್ದರಿಂದಲ್ಲ, ಪರೀಕ್ಷೆ ಬರೆಯುವಾಗ ಮನೆಮಾತನ್ನು ಮರೆತದ್ದರಿಂದ. ಉತ್ತರದ ಅರ್ಧ ಅಮ್ಮಿಯ ಬಾಯಲ್ಲಿ ದಿನವೂ ಇತ್ತು.

ಈಗ ನಿಮಗೊಂದು ಪದ: ಊದುಬತ್ತಿ. ಅರಬ್ಬಿಯಲ್ಲಿ ‘ಊದ್’ ಅಂದರೆ ಸುಗಂಧದ ಕಟ್ಟಿಗೆ. ಉಳಿದದ್ದನ್ನು ನೀವೇ ಬಿಡಿಸಿ.