ಗ್ಯಾಸ್ಟ್ರಿಕ್ ಬೈಪಾಸ್: ಆಪರೇಷನ್ ಆದಮೇಲಿನ ದಿನಗಳು

ತೂಕ ಇಳಿಸುವ ಬೈಪಾಸ್ ಮಾಡಿಸಿಕೊಳ್ಳಬೇಕೆಂದು ಯೋಚಿಸುವವರ ಭಯವೆಲ್ಲ ಸಾಮಾನ್ಯವಾಗಿ ಆಪರೇಷನ್ನಿನ ದಿನದ ಮೇಲೇ ಬಂದು ಕೂರುತ್ತದೆ. ಅರಿವಳಿಕೆ ಕೊಟ್ಟಮೇಲೆ ಎಚ್ಚರವಾಗುತ್ತದೋ ಇಲ್ಲವೋ, ಹೊಲಿಗೆ ಬಿಟ್ಟುಕೊಂಡರೆ ಏನು ಗತಿ, ಹೀಗೆ. ಭಯ ಸಹಜವೇ. ಆದರೆ ಪಳಗಿದ ತಂಡವಿರುವ ಆಸ್ಪತ್ರೆಗಳಲ್ಲಿ ಈ ಶಸ್ತ್ರಚಿಕಿತ್ಸೆಯಿಂದ ಜೀವಹಾನಿಯಾಗುವುದು ಸಾವಿರಕ್ಕೆ ಒಬ್ಬರಿಂದ ಮೂವರಿಗೆ. ನಾವು ಅಷ್ಟಾಗಿ ಹೆದರದ ಪಿತ್ತಕೋಶದ ಆಪರೇಷನ್ನಿನ ಅಪಾಯವೂ ಹೆಚ್ಚುಕಡಿಮೆ ಇದೇ ಮಟ್ಟದ್ದು. ನನ್ನನ್ನು ಕೇಳಿದರೆ ಎಚ್ಚರ ಬೇಕಾದ ದಿನಗಳು ಬೇರೆಯೇ ಇವೆ: ಮೂರನೇ ವಾರ ತಟ್ಟೆಯ ಮುಂದೆ ಕೂತಾಗ, ನಾಲ್ಕನೇ ತಿಂಗಳು ಬಾಚಣಿಗೆಗೆ ಕೂದಲು ಹಿಡಿಗಟ್ಟಲೆ ಬಂದಾಗ, ಮೂರನೇ ವರ್ಷ ‘ಎಲ್ಲ ಸರಿಹೋಯಿತಲ್ಲ’ ಎಂದು ಮಾತ್ರೆ ಬಿಡೋಣ ಅನ್ನಿಸಿದಾಗ.

ಮೊದಲು ಹೊಟ್ಟೆಯೊಳಗೆ ಏನು ಮಾಡುತ್ತಾರೆಂದು ತಿಳಿದುಕೊಳ್ಳೋಣ. ಅನ್ನನಾಳ ಬಂದು ಸೇರುವ ಕಡೆ, ಜಠರದ ಮೇಲ್ತುದಿಯನ್ನು ಸರ್ಜನ್ನರು ಸ್ಟೇಪ್ಲರ್‌ನಿಂದ ಬೇರ್ಪಡಿಸಿ ಒಂದು ಪುಟ್ಟ ಚೀಲ ಮಾಡುತ್ತಾರೆ. ಅದರಲ್ಲಿ ಹಿಡಿಸುವುದು ಸುಮಾರು 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚದಷ್ಟು. ಉಳಿದ ಜಠರವನ್ನು ತೆಗೆದುಹಾಕುವುದಿಲ್ಲ. ಅದು ಇದ್ದಲ್ಲೇ ಇದ್ದು, ಎಂದಿನಂತೆ ರಸ ಸುರಿಸುತ್ತಿರುತ್ತದೆ. ಊಟ ಮಾತ್ರ ಅಲ್ಲಿಗೆ ಹೋಗುವುದಿಲ್ಲ. ಆಮೇಲೆ ಸಣ್ಣಕರುಳನ್ನು ಸ್ವಲ್ಪ ಕೆಳಗೆ ಕತ್ತರಿಸಿ, ಕೆಳಗಿನ ತುಂಡಿನ ಬಾಯನ್ನು ಮೇಲಕ್ಕೆಳೆದು ಪುಟ್ಟ ಚೀಲಕ್ಕೆ ಜೋಡಿಸುತ್ತಾರೆ. ಹಳೆಯ ಜಠರ, ಪಿತ್ತಜನಕಾಂಗ, ಮೇದೋಜೀರಕ ಗ್ರಂಥಿಗಳ ರಸ ಹೊತ್ತು ಬರುವ ಮೇಲಿನ ತುಂಡನ್ನು ಒಂದು, ಒಂದೂವರೆ ಮೀಟರ್ ಕೆಳಗೆ ಮತ್ತೆ ಕೂಡಿಸುತ್ತಾರೆ. ಊಟ ಒಂದು ದಾರಿ, ಜೀರ್ಣರಸ ಇನ್ನೊಂದು ದಾರಿ. ಎರಡೂ ಸೇರುವುದು ಕೆಳಗೆ. ಊರೊಳಗೆ ನುಗ್ಗದೆ ಹೊರಗಿನಿಂದ ಸುತ್ತಿ ಹೋಗುವ ಹೆದ್ದಾರಿಯ ಹಾಗೆ. ಇಂಗ್ಲಿಷಿನ ‘ವೈ’ ಅಕ್ಷರದ ಈ ಜೋಡಣೆಗೆ ಸ್ವಿಟ್ಜರ್ಲೆಂಡಿನ ಸರ್ಜನ್ ಸೀಸರ್ ರೂ ಅವರ ಹೆಸರಿದೆ. ನಿಮ್ಮ ಕಡತದಲ್ಲಿ ‘ರೂ-ಎನ್-ವೈ’ ಎಂದು ಬರೆದಿದ್ದರೆ ಇದೇ ಎಂದು ತಿಳಿಯಿರಿ.

ಹುಣ್ಣಿಗಾಗಿ ಜಠರದ ಬಹುಭಾಗ ತೆಗೆಸಿಕೊಂಡವರ ಮೈಗೆ ತೂಕ ಹತ್ತುವುದಿಲ್ಲ ಎಂಬುದನ್ನು ಗಮನಿಸಿ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲಿ ಈ ಬಗೆಯ ಚಿಕಿತ್ಸೆ ಶುರುಮಾಡಿದರು. ಆಗ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯಬೇಕಿತ್ತು. 1990ರ ದಶಕದಿಂದ ಐದಾರು ಸಣ್ಣ ರಂಧ್ರಗಳ ಮೂಲಕ, ಲ್ಯಾಪರೊಸ್ಕೋಪಿಯಲ್ಲಿ ಮಾಡುತ್ತಿದ್ದಾರೆ. ಇಂದು ಇದಕ್ಕಿಂತ ಹೆಚ್ಚಾಗಿ ನಡೆಯುವುದು ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುವ ‘ಸ್ಲೀವ್’. ಆದರೆ ಎದೆಯುರಿ, ಹುಳಿತೇಗು ತೀವ್ರವಾಗಿರುವವರಿಗೆ, ಸಕ್ಕರೆ ಕಾಯಿಲೆ ಜೋರಾಗಿರುವವರಿಗೆ ವೈದ್ಯರು ಹೆಚ್ಚಾಗಿ ಬೈಪಾಸನ್ನೇ ಸೂಚಿಸುತ್ತಾರೆ.

‘ಚೀಲ ಚಿಕ್ಕದಾದರೆ ತಿನ್ನುವುದು ಕಡಿಮೆ, ಅಷ್ಟೇ ತಾನೆ?’ ಎಂದು ಬಹಳ ಜನ ಕೇಳುತ್ತಾರೆ. ಅಷ್ಟೇ ಅಲ್ಲ. ಊಟದ ದಾರಿ ಬದಲಾದಾಗ ಕರುಳಿನ ಹಾರ್ಮೋನುಗಳೂ ಬದಲಾಗುತ್ತವೆ. ಜಿಎಲ್‌ಪಿ-1 ಏರುತ್ತದೆ, ಹಸಿವು ತಗ್ಗುತ್ತದೆ, ಇನ್ಸುಲಿನ್ನಿನ ಕೆಲಸ ಸುಧಾರಿಸುತ್ತದೆ. ಹಾಗಾಗಿ ತೂಕ ಇನ್ನೂ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ, ಎಷ್ಟೋ ಜನರ ಶುಗರ್ ಕೆಳಗೆ ಬರುತ್ತದೆ. ಇಲ್ಲೊಂದು ಅಪಾಯವೂ ಇದೆ: ಹಳೆಯ ಚೀಟಿಯ ಪ್ರಕಾರವೇ ಇನ್ಸುಲಿನ್ ಚುಚ್ಚಿಕೊಂಡರೆ ಶುಗರ್ ಕುಸಿದು ತಲೆಸುತ್ತಿ ಬೀಳಬಹುದು. ಬಿಪಿ ಮಾತ್ರೆಯ ಕಥೆಯೂ ಹಾಗೆಯೇ. ಮನೆಗೆ ಹೊರಡುವ ಮುನ್ನ ಪ್ರತಿಯೊಂದು ಔಷಧಿಯ ಹೊಸ ಪ್ರಮಾಣವನ್ನು ಬರೆಸಿಕೊಳ್ಳಿ.

ಯಾರಿಗೆ ಮಾಡುತ್ತಾರೆ? ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. 165 ಸೆಂಟಿಮೀಟರ್ ಎತ್ತರ, 110 ಕಿಲೋ ತೂಕವಿದ್ದರೆ ಬಿಎಂಐ ಸುಮಾರು 40. ಬಿಎಂಐ 35 ದಾಟಿದವರಿಗೆ ಈ ಚಿಕಿತ್ಸೆ ಸೂಕ್ತವೆಂದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಮ್ಮಂಥ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಹೃದ್ರೋಗ ಬರುವುದರಿಂದ 27.5ರಿಂದಲೇ ಪರಿಗಣಿಸಬಹುದು ಎಂದೂ ಅದರಲ್ಲಿದೆ. ವಿಮೆಯ ಲೆಕ್ಕ ಮಾತ್ರ ಬೇರೆ. ಭಾರತದ ವಿಮಾ ನಿಯಂತ್ರಕರ ನಿಯಮದಂತೆ ಬಿಎಂಐ 40 ಇರಬೇಕು, ಇಲ್ಲವೇ 35ರ ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯಾದಂಥ ತೊಂದರೆ ಇರಬೇಕು. ವೈದ್ಯರು ‘ಮಾಡಿಸಿ’ ಎಂದಮಾತ್ರಕ್ಕೆ ವಿಮೆಯವರು ‘ಕೊಡುತ್ತೇವೆ’ ಎನ್ನುವುದಿಲ್ಲ, ಮೊದಲೇ ವಿಚಾರಿಸಿ.

ಎಷ್ಟು ಇಳಿಯುತ್ತದೆ ಎನ್ನುವುದನ್ನೂ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಒಂದರಿಂದ ಎರಡು ವರ್ಷದೊಳಗೆ ಮೈತೂಕದ ಶೇ. 25ರಿಂದ 30ರಷ್ಟು. 110 ಕಿಲೋ ಇದ್ದವರು ಸುಮಾರು 80ಕ್ಕೆ ಬರಬಹುದು. ಮೊಣಕಾಲು, ಉಸಿರು, ನಿದ್ದೆ, ಶುಗರ್ ಎಲ್ಲಕ್ಕೂ ಇದರಿಂದ ದೊಡ್ಡ ಲಾಭವಿದೆ. ಆದರೆ ಜಾಹೀರಾತಿನಲ್ಲಿ ಕಾಣುವ ಬಳುಕುವ ಮೈ ಬರುವುದಿಲ್ಲ. ಹೊಟ್ಟೆ, ತೋಳು, ತೊಡೆಯ ಚರ್ಮ ಜೋತುಬೀಳುವುದೂ ಉಂಟು.

ತಯಾರಿ ಕೆಲವು ವಾರ ಮೊದಲೇ ಶುರುವಾಗುತ್ತದೆ. ರಕ್ತಪರೀಕ್ಷೆ, ಎಂಡೋಸ್ಕೋಪಿ, ಹೊಟ್ಟೆಯ ಸ್ಕ್ಯಾನಿಂಗ್, ಹೃದಯದ ತಪಾಸಣೆ, ಆಹಾರತಜ್ಞರ ಜೊತೆ ಮತ್ತು ಮನೋವೈದ್ಯರ ಜೊತೆ ಮಾತು. ಮನೋವೈದ್ಯರ ಹೆಸರು ಕೇಳಿ ಮುಖ ಸಿಂಡರಿಸಬೇಡಿ. ಬೇಸರವಾದಾಗ ತಿನ್ನುವ ಅಭ್ಯಾಸ ಇದೆಯೇ, ಕುಡಿತವಿದೆಯೇ ಎಂಬುದನ್ನು ಈಗಲೇ ಬಿಚ್ಚಿ ಹೇಳುವುದು ನಿಮಗೇ ಒಳ್ಳೆಯದು. ಬೀಡಿ, ಸಿಗರೇಟು ಪೂರ್ತಿ ಬಿಡಬೇಕು. ಕರುಳಿನ ಜೋಡಣೆ ಮಾಯುವುದಕ್ಕೆ ಅದು ದೊಡ್ಡ ಅಡ್ಡಿ. ಕೊನೆಯ ಎರಡು ವಾರ ಹೆಚ್ಚಾಗಿ ದ್ರವಾಹಾರ ಕೊಡುತ್ತಾರೆ. ದಪ್ಪಗಿದ್ದವರ ಲಿವರ್ ಕೊಬ್ಬಿನಿಂದ ಊದಿ ಜಠರದ ಮೇಲೆ ಕವಿದುಕೊಂಡಿರುತ್ತದೆ; ಈ ಪಥ್ಯದಿಂದ ಅದು ಕುಗ್ಗಿ ಸರ್ಜನ್ನರಿಗೆ ಜಾಗ ಸಿಗುತ್ತದೆ. ‘ಹೇಗಿದ್ದರೂ ಇನ್ನು ತಿನ್ನುವುದಕ್ಕಾಗುವುದಿಲ್ಲ’ ಎಂದು ಹಿಂದಿನ ವಾರ ಬಿರಿಯಾನಿ ಬಾರಿಸುವವರು ಸರ್ಜನ್ನರ ಕೆಲಸ ಕಠಿಣ ಮಾಡುತ್ತಾರೆ, ಅಷ್ಟೇ.

ಆಸ್ಪತ್ರೆಯ ವಾಸ ಎರಡು ಮೂರು ದಿನ. ಅದೇ ಸಂಜೆಯೋ ಮರುದಿನವೋ ಎಬ್ಬಿಸಿ ನಡೆಸುತ್ತಾರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು. ನೋವೆಂದು ಮಲಗಿಬಿಡಬೇಡಿ. ಮನೆಗೆ ಹೋದ ಮೊದಲ ಒಂದೆರಡು ವಾರ ಜ್ವರ, ಇಳಿಯದ ಎದೆಬಡಿತ, ಹೆಚ್ಚುತ್ತಲೇ ಇರುವ ಹೊಟ್ಟೆನೋವು, ಉಸಿರುಗಟ್ಟುವಿಕೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಿ. ಜೋಡಣೆ ಸೋರುವುದು ಅಪರೂಪ, ಆದರೆ ಅದಕ್ಕೆ ಗಂಟೆಗಳ ಲೆಕ್ಕ.

ಇನ್ನು ಊಟ. ಮೊದಲ ದಿನಗಳಲ್ಲಿ ನೀರು, ಎಳನೀರು, ಸೋಸಿದ ಬೇಳೆಕಟ್ಟು, ನೀರುಮಜ್ಜಿಗೆ, ಅದೂ ಗುಟುಕು ಗುಟುಕಾಗಿ. ಆಮೇಲೆ ಹಾಲು, ತೆಳ್ಳಗಿನ ರಾಗಿ ಅಂಬಲಿ, ಪ್ರೋಟೀನ್ ಪುಡಿ ಕಲಸಿದ ಪಾನೀಯ. ಅದರ ನಂತರ ನುಣ್ಣಗೆ ಕಿವುಚಿದ್ದು, ಆಮೇಲೆ ಮೆತ್ತಗಿನದು. ಮಾಮೂಲಿ ಊಟಕ್ಕೆ ಬರಲು ಆರರಿಂದ ಎಂಟು ವಾರ. ದಿನ ಲೆಕ್ಕ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ ಇರುತ್ತದೆ. ನಿಮ್ಮ ಆಹಾರತಜ್ಞರು ಕೊಟ್ಟ ಪಟ್ಟಿಯೇ ನಿಮಗೆ ಪ್ರಮಾಣ. ಮೂರನೇ ವಾರಕ್ಕೆ ನೋವು ಹೋಗಿ ಚೈತನ್ಯ ಬಂದಿರುತ್ತದೆ, ಮನೆಯಲ್ಲಿ ಒಗ್ಗರಣೆಯ ಘಮ ಬರುತ್ತದೆ, ‘ಒಂದು ತುತ್ತು ತಿಂದರೆ ಏನಾದೀತು’ ಅನ್ನಿಸುತ್ತದೆ. ಆಗುವುದು ಇದು: ಎದೆಯ ನಡುವೆ ಕಲ್ಲು ಸಿಕ್ಕಿದಂತಾಗಿ, ಬಾಯಲ್ಲಿ ನೀರೂರಿ, ಕೊನೆಗೆ ವಾಂತಿ.

ಹಳೆ ಮೈಸೂರು ಕಡೆಯವರಿಗೆ ವಿಶೇಷವಾಗಿ ಒಂದು ಮಾತು. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಪದ್ಧತಿ. ಬೈಪಾಸ್ ಆದವರಿಗೆ ಅದು ಸಲ್ಲದು. ಪ್ರತಿ ತುತ್ತನ್ನೂ ಬಾಯಲ್ಲೇ ಅಂಬಲಿಯಾಗುವಷ್ಟು ಅಗಿಯಬೇಕು. ರಾಗಿಯ ಮೇಲೆ ಪ್ರೀತಿಯಿದ್ದರೆ ಗಂಜಿಯೇ ಸರಿ. ಬಿಸಿ ಚಪಾತಿ, ಉದುರುದುರಾದ ಅನ್ನ ಕೂಡ ಕೆಲವರಿಗೆ ತಿಂಗಳುಗಟ್ಟಲೆ ಒಗ್ಗುವುದಿಲ್ಲ. ಊಟದ ಜೊತೆ ನೀರು ಕುಡಿಯಬಾರದು. ಅರ್ಧ ಗಂಟೆ ಬಿಟ್ಟು ಕುಡಿಯಿರಿ. ತಟ್ಟೆಯಲ್ಲಿ ಮೊದಲು ಮುಗಿಸಬೇಕಾದದ್ದು ಪ್ರೋಟೀನ್, ದಿನಕ್ಕೆ 60ರಿಂದ 80 ಗ್ರಾಂ. ಸಸ್ಯಾಹಾರಿಗಳಿಗೆ ಇದು ಸುಲಭವಲ್ಲ. ತಿಳಿಸಾರು, ಅನ್ನ, ಪಲ್ಯದ ನಮ್ಮ ಊಟದಲ್ಲಿ ಪ್ರೋಟೀನ್ ಬಲು ತೆಳು. ಪನೀರ್, ಗಟ್ಟಿ ಮೊಸರು, ಬೇಯಿಸಿ ಮಸೆದ ಹೆಸರುಕಾಳು, ಸೋಯಾ ಎಲ್ಲ ಸೇರಿಸಿದರೂ ಮೊದಲ ತಿಂಗಳುಗಳಲ್ಲಿ ಪುಡಿಯ ಆಸರೆ ಬೇಕಾಗುತ್ತದೆ. ತಿನ್ನುವವರಿಗೆ ಮೊಟ್ಟೆ, ಮೀನು ದೊಡ್ಡ ಅನುಕೂಲ.

ಸಿಹಿಯದು ಬೇರೆಯೇ ಪಾಠ. ಜಾಮೂನು, ಪಾಯಸ, ಜ್ಯೂಸು ಚೀಲದಲ್ಲಿ ನಿಲ್ಲದೆ ಸರ್ರನೆ ಕರುಳಿಗೆ ಇಳಿದರೆ, ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ಹೊಟ್ಟೆ ಹಿಂಡಿ ಭೇದಿ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆ ಕಳೆದಮೇಲೆ ಶುಗರ್ ಇಳಿದು ಕೈ ನಡುಗುತ್ತದೆ. ಪ್ರಾಣಾಪಾಯ ಸಾಮಾನ್ಯವಾಗಿ ಇಲ್ಲ. ಆದರೆ ಮದುವೆ ಮನೆಯಲ್ಲಿ ‘ಒಂದೇ ಒಂದು ಹೋಳಿಗೆ’ ಎಂದು ಬಲವಂತ ಮಾಡುವವರಿಗೆ ಇದು ಗೊತ್ತಿರುವುದಿಲ್ಲ. ನೀವು ಮುಜುಗರ ಬಿಟ್ಟು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು.

ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುತ್ತದೆ. ಗಾಬರಿ ಬೇಡ, ಪೋಷಣೆ ಸರಿಯಿದ್ದರೆ ಮತ್ತೆ ಬರುತ್ತದೆ. ಇದೇ ಹೊತ್ತಿಗೆ ಮುಖ ಸೊರಗಿ, ನೆಂಟರು ‘ಏನು, ಹುಷಾರಿಲ್ಲವೇ?’ ಎನ್ನಲು ಶುರುಮಾಡುತ್ತಾರೆ. ವೇಗವಾಗಿ ತೂಕ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವಿದೆ. ಅದಕ್ಕೆ ಮಾತ್ರೆ ಕೊಡುತ್ತಾರೆ. ಹೆಂಗಸರು ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು. ತೂಕ ಇಳಿದಂತೆ ಮುಟ್ಟು ಸರಿಹೋಗಿ, ವರ್ಷಗಳಿಂದ ನಿಲ್ಲದ ಬಸಿರು ನಿಂತುಬಿಡಬಹುದು. ಗರ್ಭನಿರೋಧಕ ಮಾತ್ರೆಯನ್ನು ಪೂರ್ತಿ ನಂಬಲಾಗುವುದಿಲ್ಲ, ಬೇರೆ ವಿಧಾನ ಕೇಳಿ ತಿಳಿಯಿರಿ.

ಜನ ಸೋಲುವುದು ಮೂರನೇ ವರ್ಷದಲ್ಲಿ. ಕಬ್ಬಿಣ ಮತ್ತು ಸುಣ್ಣದಂಶವನ್ನು ಮುಖ್ಯವಾಗಿ ಹೀರುವ ಕರುಳಿನ ಮೊದಲ ಭಾಗಕ್ಕೆ ಈಗ ಊಟ ತಾಗುವುದೇ ಇಲ್ಲ. ಬಿ12 ಹೀರಲು ಜಠರದ ರಸ ಬೇಕು, ಅದೂ ಊಟಕ್ಕೆ ಸರಿಯಾಗಿ ಸಿಗುವುದಿಲ್ಲ. ಲಿವರ್‌ನಲ್ಲಿ ಬಿ12 ದಾಸ್ತಾನು ಇರುವುದರಿಂದ ಒಂದೆರಡು ವರ್ಷ ಏನೂ ಗೊತ್ತಾಗುವುದಿಲ್ಲ. ಅದು ಬರಿದಾದಮೇಲೆ ಪಾದ ಜುಮ್ಮೆನ್ನುವುದು, ಸುಸ್ತು, ಮರೆವು. ಸಸ್ಯಾಹಾರಿಗಳ ದಾಸ್ತಾನು ಮೊದಲೇ ಕಡಿಮೆ. ಆದ್ದರಿಂದ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ. ಕಬ್ಬಿಣವನ್ನೂ ಕ್ಯಾಲ್ಸಿಯಂಅನ್ನೂ ಎರಡು ಗಂಟೆ ಅಂತರದಲ್ಲಿ, ಕಬ್ಬಿಣವನ್ನು ಕಾಫಿಯ ಜೊತೆ ಖಂಡಿತ ಅಲ್ಲ. ಮೊದಲ ವರ್ಷ ಕೆಲವು ಬಾರಿ, ಆಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ. ತೂಕ ಸ್ವಲ್ಪ ಮರಳುವುದು ಸಾಮಾನ್ಯ. ಚಿಪ್ಸು, ಬಿಸ್ಕತ್ತು, ಸಿಹಿ ಪಾನೀಯ ಪುಟ್ಟ ಚೀಲದಲ್ಲೂ ಸಲೀಸಾಗಿ ಇಳಿಯುವುದರಿಂದ ಕೆಲವರಿಗೆ ಬಹಳವೇ ಮರಳುತ್ತದೆ. ಮದ್ಯ ಬೇಗ ಏರುತ್ತದೆ, ಚಟವಾಗುವ ಅಪಾಯವೂ ಹೆಚ್ಚು.

ಇನ್ನೂ ಕೆಲವು ಮಾತುಗಳನ್ನು ಬರೆದಿಟ್ಟುಕೊಳ್ಳಿ. ಮೈಕೈ ನೋವೆಂದು ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಂಡು ನುಂಗಬೇಡಿ. ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಪ್ಯಾರಸಿಟಮಾಲ್ ಆಗಬಹುದು. ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ಬಡಾವಣೆಯ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಂಡು ಬರಬೇಡಿ. ಆಗ ಮೊದಲು ಥಯಮಿನ್ ಕೊಡಬೇಕು, ಇಲ್ಲದಿದ್ದರೆ ಮೆದುಳಿಗೆ ಪೆಟ್ಟಾಗಬಹುದು. ಎಷ್ಟೇ ವರ್ಷ ಕಳೆದಿರಲಿ, ಇದ್ದಕ್ಕಿದ್ದಂತೆ ಹೊಟ್ಟೆ ಹಿಂಡಿ ನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ತಿಂದು ಮಲಗಬೇಡಿ. ಒಳಗೆ ಕರುಳು ಸಂದಿಯಲ್ಲಿ ಸಿಕ್ಕಿಕೊಂಡಿರಬಹುದು, ಕೂಡಲೇ ಸ್ಕ್ಯಾನ್ ಆಗಬೇಕು. ಡಿಸ್ಚಾರ್ಜ್ ಸಮ್ಮರಿಯ ಫೋಟೋ ಫೋನಿನಲ್ಲಿರಲಿ. ಯಾವ ಊರಿನ ಯಾವ ಡಾಕ್ಟರರ ಮುಂದೆ ಕೂತರೂ ಅದನ್ನು ಮೊದಲು ತೋರಿಸಿ. ‘ಬೈಪಾಸ್ ಆಗಿದೆ’ ಎಂದಷ್ಟೇ ಹೇಳಿದರೆ ಅವರು ಹೃದಯದ್ದೆಂದುಕೊಂಡು ಇಸಿಜಿಗೆ ಬರೆಯುತ್ತಾರೆ.