ನೆರೆಯ ನಂತರ ನೆರೆಹೊರೆ

ನೆರೆ ಪರಿಹಾರವೆಂದರೆ ಅನ್ನ, ಬಟ್ಟೆ, ಔಷಧಿ ಮತ್ತು ಸೂರು ಎಂಬುದು ಸಾಮಾನ್ಯ ತಿಳಿವಳಿಕೆ. ಇವೆಲ್ಲ ದೊರೆತ ಮೇಲೂ ಒಂದು ಜನಸಮುದಾಯವು ಚೇತರಿಸಿಕೊಳ್ಳದೆ ಉಳಿಯಬಹುದೆಂಬುದಕ್ಕೆ ಅಮೆರಿಕದ ಪಶ್ಚಿಮ ವರ್ಜೀನಿಯಾ ರಾಜ್ಯದ ಬಫಲೋ ಕ್ರೀಕ್ ಕಣಿವೆ ನಿದರ್ಶನವಾಗಿದೆ.

ಈ ಕಿರಿದಾದ ಕಣಿವೆಯ ಹದಿನಾರು ಊರುಗಳಲ್ಲಿ ಸುಮಾರು 5,000 ಜನರು ಕಲ್ಲಿದ್ದಲು ಗಣಿಗಳನ್ನೇ ನೆಚ್ಚಿ ಬದುಕಿದ್ದರು. ಕಲ್ಲಿದ್ದಲು ತೊಳೆದ ಕಪ್ಪು ನೀರನ್ನು ತಡೆಹಿಡಿಯಲು ಗಣಿ ಕಂಪನಿಯು ಗಣಿತ್ಯಾಜ್ಯವನ್ನೇ ಹಳ್ಳಕ್ಕೆ ಅಡ್ಡಲಾಗಿ ಸುರಿದು ಕಟ್ಟೆಗಳನ್ನು ನಿರ್ಮಿಸಿತ್ತು. ಹೆಚ್ಚುವರಿ ನೀರು ಹರಿದುಹೋಗಲು ಸಮರ್ಪಕವಾದ ಕೋಡಿ ಇರಲಿಲ್ಲ. ಮಳೆ ಸುರಿಯುತ್ತಲೇ ಇದ್ದು, 1972ರ ಫೆಬ್ರವರಿ 26ರ ಬೆಳಿಗ್ಗೆ ಮೇಲಿನ ಕಟ್ಟೆ ಕುಸಿಯಿತು. ಸುಮಾರು 50 ಕೋಟಿ ಲೀಟರ್ ಕೆಸರುನೀರು ಕಣಿವೆಯನ್ನು ಗುಡಿಸಿಕೊಂಡು ಹೋಯಿತು. 125 ಮಂದಿ ಅಸುನೀಗಿದರು. 4,000ಕ್ಕೂ ಹೆಚ್ಚು ಜನ ನಿರಾಶ್ರಿತರಾದರು. ಕಂಪನಿಯು ಇದನ್ನು ದೈವಘಟನೆಯೆಂದು ಕರೆಯಿತು. ಕೋಡಿಯಿಲ್ಲದ ಕಟ್ಟೆಯ ಹೊಣೆಯನ್ನು ದೈವದ ಮೇಲೆ ಹೊರಿಸುವುದು ಸುಲಭ.

ನೆರವಿಗೆ ಕೊರತೆಯಾಗಲಿಲ್ಲ. ಫೆಡರಲ್ ಸರ್ಕಾರದ ವಸತಿ ಇಲಾಖೆಯು ಗಾಲಿಮನೆಗಳ ಹದಿಮೂರು ಶಿಬಿರಗಳನ್ನು ಸ್ಥಾಪಿಸಿತು. ಆದರೆ ಮನೆಗಳನ್ನು ಹಂಚುವಾಗ ಯಾರ ಪಕ್ಕದಲ್ಲಿ ಯಾರಿದ್ದರೆಂಬುದನ್ನು ವಿಚಾರಿಸಲಿಲ್ಲ. ತಲೆಮಾರುಗಳಿಂದ ಒಂದೇ ಓಣಿಯಲ್ಲಿದ್ದ ಕುಟುಂಬಗಳು ಬೇರೆ ಬೇರೆ ಶಿಬಿರಗಳಿಗೆ ಚದುರಿಹೋದವು. ಹೇಳಿಕಳುಹಿಸದಿದ್ದರೂ ಕಷ್ಟಕ್ಕೆ ಬರುವವರು, ಮಕ್ಕಳ ಮೇಲೆ ಕಣ್ಣಿಡುವವರು, ಸಾವಿನ ಮನೆಗೆ ಅಡುಗೆ ಮಾಡಿ ತರುವವರು ಇಲ್ಲವಾದರು. ಅಪರಿಚಿತರ ನಡುವೆ ತೆಳುಗೋಡೆಯ ಮನೆಯಲ್ಲಿ ವಾಸಿಸುತ್ತಿದ್ದವರಿಗೆ ನಿದ್ರೆ ದೂರವಾಯಿತು. ಮೋಡ ಕವಿದರೂ ಎದೆ ನಡುಗುತ್ತಿತ್ತು.

ಇಲ್ಲಿ ಅಧ್ಯಯನ ನಡೆಸಿದ ಸಮಾಜಶಾಸ್ತ್ರಜ್ಞ ಕೈ ಎರಿಕ್ಸನ್ ಅವರು 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎರಡು ಆಘಾತಗಳನ್ನು ಪ್ರತ್ಯೇಕಿಸಿದ್ದಾರೆ. ಮೊದಲನೆಯದು ವ್ಯಕ್ತಿಯ ಮನಸ್ಸಿಗೆ ಒಮ್ಮೆಗೇ ಬೀಳುವ ಪೆಟ್ಟು. ಎರಡನೆಯದು ಜನರನ್ನು ಪರಸ್ಪರ ಬೆಸೆದ ಬಂಧವು ಸಡಿಲವಾಗುವುದು. ಇದು ನಿಧಾನವಾಗಿ ಅರಿವಿಗೆ ಬರುತ್ತದೆ. ಊರೇ ಇಲ್ಲದಿರುವಾಗ ಮೊದಲನೆಯ ಗಾಯವೂ ಮಾಯುವುದು ಕಷ್ಟ.

ಪುನರ್ವಸತಿಯಲ್ಲಿ ತೊಡಗಿದವರು ಇದನ್ನು ಮೊದಲ ದಿನವೇ ನೆನಪಿಡಬೇಕು. ಸಂತ್ರಸ್ತರ ಪಟ್ಟಿಯನ್ನು ಬಂದವರ ಸರದಿಯಂತೆ ಬರೆಯುವ ಬದಲು ಓಣಿವಾರು ಬರೆದರೆ ಹೆಚ್ಚು ಖರ್ಚೇನೂ ಆಗದು. ಹಳೆಯ ನೆರೆಯವರನ್ನು ಒಂದೇ ಸಾಲಿನಲ್ಲಿರಿಸಬಹುದು. ಹೊಸ ನಿವೇಶನ ಆರಿಸುವಾಗ ಅವರನ್ನೇ ಒಟ್ಟಾಗಿ ಕೇಳಬಹುದು.

ಬದುಕುಳಿದವರಲ್ಲಿ 600ಕ್ಕೂ ಹೆಚ್ಚು ಮಂದಿ ಕಂಪನಿಯ ವಿರುದ್ಧ ದಾವೆ ಹೂಡಿದರು. 1974ರಲ್ಲಿ 1 ಕೋಟಿ 35 ಲಕ್ಷ ಡಾಲರ್‌ಗಳಿಗೆ ರಾಜಿಯಾಯಿತು. ಕೊಚ್ಚಿಹೋದ ಮನೆಮಾರುಗಳಿಗಷ್ಟೇ ಅಲ್ಲದೆ ಮಾನಸಿಕ ಹಾನಿಗೂ ಅದರಲ್ಲಿ ಪರಿಹಾರ ದೊರೆಯಿತು.